ರುಮಾಲಿಗೆ ಬೊಗಳಿದ ನಾಯಿ

ಅಕ್ಕನಾಗಮ್ಮನ ನಾಯಿ ದೊಡ್ಡ ಮನುಷ್ಯರಿಗೂ ಬೊಗಳುತ್ತದೆ ಎಂಬುದು ಆ ವರ್ಷ ವಿಜಾಪುರದ ಹತ್ತಿಪೇಟೆಯ ಮುಖ್ಯ ದೂರಾಗಿತ್ತು. ಜರ್ಮನಿ-ಜಪಾನಿನ ಲಡಾಯಿ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. ಸಕ್ಕರೆಗೆ ಪಾಳಿ, ಸೀಮೆಎಣ್ಣೆಗೆ ಪಾಳಿ, ಧೋತರಕ್ಕೂ ಪಾಳಿ. ದೂರು ಹೇಳಲು ಬೇರೆ ವಿಷಯಗಳಿಗೇನೂ ಬರವಿರಲಿಲ್ಲ. ಆದರೆ ರೇಶನ್ನಿನ ದೂರು ಮುಂಬಯಿ ಸರಕಾರದ ಕಿವಿಗೆ ಬೀಳುವ ಭರವಸೆ ಯಾರಿಗೂ ಇರಲಿಲ್ಲ. ನಾಯಿಯ ದೂರು ಅಮರಪ್ಪನ ಕಿವಿಗೆ ಅದೇ ಸಂಜೆ ಬೀಳುತ್ತಿತ್ತು.

ಅಮರಪ್ಪ ಅಕ್ಕನಾಗಮ್ಮನ ಬೆನ್ನಿಗೆ ಬಿದ್ದ ತಮ್ಮ. ಸ್ಟೇಶನ್ ಹತ್ತಿರ ಹತ್ತಿ ಕೂಡಿಡುವ ವಖಾರವನ್ನು ಅವನೂ ಆಕೆಯ ಗಂಡನೂ ಕೂಡಿ ಕಟ್ಟಿಸಿದ್ದರು. ಗಂಡ ತೀರಿಕೊಂಡ ಮೇಲೆ ಆಕೆ ತಿಕೋಟಾದ ಮನೆಗೆ ಬೀಗ ಹಾಕಿ ಬಂದಳು. ವಖಾರದ ಕೀಲಿಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವಳು ಮತ್ತೆ ಬಿಚ್ಚಲಿಲ್ಲ. ಹತ್ತಿ ತುರುಕಿದ ದೊಡ್ಡ ಅಂಡಿಗೆ ಚೀಲದೊಳಗೆ ಕೈ ತೂರಿಸಿದರೆ ಸಾಕು, ಹತ್ತಿಗೆ ಎಷ್ಟು ನೀರು ಚಿಮುಕಿಸಿ ತಂದಿದ್ದಾರೆಂದು ಬೆರಳೇ ಆಕೆಗೆ ಹೇಳುತ್ತಿತ್ತು. ಹಮಾಲರು ಆಕೆಗೆ ಹೆದರುತ್ತಿದ್ದರು. ದಲಾಲರು ಆಕೆಯ ಎದುರು ಸುಳ್ಳನ್ನು ಕೈ ಹಿಡಿದು ಬಳಸುತ್ತಿದ್ದರು. ಇಷ್ಟಿದ್ದರೂ ಹೆಣ್ಣುಮಗಳು ಗಾದಿಯ ಮೇಲೆ ಕೂತು ವಖಾರ ನಡೆಸುವುದು ಶೋಭೆಯಲ್ಲ ಎಂದು ಅಮರಪ್ಪನಿಗೆ ಮೊದಲಿನಿಂದಲೂ ಅನಿಸುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಚಂಪಿ ಎಂಬ ಆ ನಾಯಿಯಿಂದ ಬಂತು.

ಯಾಕೆಂದರೆ ಆ ಪೇಟೆಯಲ್ಲಿ ನಾಯಿ ಬೊಗಳುವುದು ನಾಯಿಯ ಸ್ವಂತ ವಿಷಯವಾಗಿರಲಿಲ್ಲ. ರುಮಾಲು ಸುತ್ತಿ ಕೋಟು ತೊಟ್ಟ ಮನುಷ್ಯ ಬಾಗಿಲಿಗೆ ಬಂದಾಗ ನಾಯಿ ಬೊಗಳಿತೆಂದರೆ ಮನೆಯ ಯಜಮಾನನೇ ಬೊಗಳಿದ ಹಾಗೆ. ಬಂದವರಿಗೆ ನೀರು ಕೊಡುವ ಮೊದಲು ನಾಯಿಗೊಂದು ಒದೆ ಕೊಡಬೇಕು. ಅದು ಕುಂಯ್ ಅಂದದ್ದನ್ನು ಕೇಳಿಸಿಕೊಂಡ ಮೇಲೆಯೇ ಬಂದವರು ಸಮಾಧಾನದಿಂದ ಕಾಲ್ಮರಿ ಕಳಚುತ್ತಿದ್ದರು. ಅಕ್ಕನಾಗಮ್ಮ ಒದೆಯುತ್ತಿರಲಿಲ್ಲ. “ಸಾಕು, ಚಂಪಿ” ಎನ್ನುತ್ತಿದ್ದಳು. ಚಂಪಿ ಸುಮ್ಮನಾಗಿ ಕೂಡುತ್ತಿತ್ತು. ಬೊಗಳಿಸಿಕೊಂಡವರ ಹೊಟ್ಟೆ ಅಷ್ಟಕ್ಕೆ ತಣ್ಣಗಾಗುತ್ತಿರಲಿಲ್ಲ.

“ಅಕ್ಕಾ, ಸೊಲ್ಲಾಪುರದ ವ್ಯಾಪಾರಿಗೆ ಬೊಗಳಿತಂತಲ್ಲ ನಿನ್ನ ನಾಯಿ,” ಎಂದ ಅಮರಪ್ಪ ಒಂದು ದಿನ.

“ಬೊಗಳ್ತು. ಹೊರಗಿನವರು ಬಂದಾರ ಅಂತ ನನಗ ಹೇಳ್ತು.”

“ಅವರೇನು ಕಳ್ಳರs?”

“ಅದು ಚಂಪಿಗೆ ಗೊತ್ತಿಲ್ಲ. ಬಂದಾರ ಅಂತ ಹೇಳೂದು ಆಕಿ ಕೆಲಸ. ಎಂಥವರು ಬಂದಾರ ಅಂತ ನೋಡೂದು ನನ್ನ ಕೆಲಸ.”

“ಮಂದಿ ನಗಾಕತ್ತೈತಿ. ನಾಯಿಗೆ ಮರ್ಯಾದಿ ಕಲಿಸಾಕ ಆಗದಾಕಿ ವಖಾರ ಹ್ಯಾಂಗ ನಡೆಸ್ತಾಳ ಅಂತಾರ.”

“ಯಾರು ಅಂತಾರ?”

ಅಮರಪ್ಪ ಒಂದು ಯಾಲಕ್ಕಿ ಬಾಯಿಗೆ ಹಾಕಿಕೊಂಡು ಆಚೆ ನೋಡಿದ. ಅನ್ನುವವನು ಅವನೇ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವನು ಯಾಲಕ್ಕಿ ತಿನ್ನುವುದು ಬೀಡಿಯ ವಾಸನೆ ಮುಚ್ಚಲಿಕ್ಕೆ ಎಂಬುದೂ ಆಕೆಗೆ ಗೊತ್ತಿತ್ತು. ಹಿರಿಯರ ಎದುರು ಬೀಡಿ ಸೇದಬಾರದೆಂಬ ಮರ್ಯಾದೆ ಅವನಲ್ಲಿತ್ತು. ಹೀಗಾಗಿ ನಲವತ್ತು ದಾಟಿದ ಆ ಸಾಹುಕಾರ ಗೋಡೆಯ ಹಿಂದೆ, ಗಿಡದ ಮರೆಗೆ, ಅಂಡಿಗೆಗಳ ಸಂದಿಯಲ್ಲಿ ನಿಂತು ಸೇದುತ್ತಿದ್ದ. ಅಕ್ಕ ಬಂದಳೆಂದರೆ ಬೀಡಿಯನ್ನು ಎತ್ತ ಕಡೆಗಾದರೂ ಒಗೆದು ಕೈ ಕಟ್ಟಿ ನಿಲ್ಲುತ್ತಿದ್ದ.

ಅಕ್ಕನಾಗಮ್ಮ ಕಳ್ಳರಿಗಿಂತ ಹೆಚ್ಚಾಗಿ ಬೀಡಿಗೆ ಹೆದರುತ್ತಿದ್ದಳು. ಹಿಂದಿನ ಸುಗ್ಗಿಯಲ್ಲಿ ಮಗ್ಗುಲ ವಖಾರ ಹಾಡುಹಗಲೇ ಉರಿದು ಹೋದದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು. ಹತ್ತಿಯ ಬೆಂಕಿ ಕೂಡಲೇ ಮೇಲೇಳುವುದಿಲ್ಲ. ಒಳಗೊಳಗೇ ಹರಿದಾಡಿ, ಕಣ್ಣಿಗೆ ಕಾಣುವ ಹೊತ್ತಿಗೆ ಎಲ್ಲ ಮುಗಿಸಿರುತ್ತದೆ. ಅದಕ್ಕೇ ಆಕೆ ಚಂಪಿಗೆ ಬೀಡಿಯ ಜಾಡು ಕಲಿಸಿದ್ದಳು. ಕಾವಲುಗಾರ ಮೌಲಾಸಾಬ ರಸ್ತೆಯಾಚೆ ಹೋಗಿ ಬೀಡಿ ಸೇದಿ, ನೀರಿಗೆ ಅದ್ದಿ ಆರಿಸಿದ ಮೋಟು ಬೀಡಿ ತರಬೇಕು. ಅದನ್ನು ಅರಿವೆಯಲ್ಲಿ ಸುತ್ತಿ ಅಂಡಿಗೆಗಳ ನಡುವೆ ಎಲ್ಲೋ ಅಡಗಿಸಬೇಕು. ಚಂಪಿ ಹುಡುಕಿ ಬೊಗಳಿದರೆ ಬೆಣ್ಣೆ ಹಚ್ಚಿದ ರೊಟ್ಟಿಯ ಚೂರು, ಕಿವಿಯ ಹಿಂದೆ ಒಂದಿಷ್ಟು ಕೆರೆತ. ಹುಡುಕಲಿಲ್ಲವಾದರೆ ಏನೂ ಇಲ್ಲ, ಬೈಗುಳವೂ ಇಲ್ಲ. ತನ್ನ ಚಟವೇ ನೌಕರಿಯ ಕೆಲಸವಾದದ್ದಕ್ಕೆ ಮೌಲಾಸಾಬ ಬಲು ಹಿಗ್ಗಿದ್ದ. “ಅಕ್ಕಾರ, ಇವತ್ತ ಚಂಪಿ ಅಭ್ಯಾಸ ಕಡಿಮಿ ಆಗೇತ್ರಿ, ಇನ್ನೊಂದು ಸೇದಿ ಬರ್ಲೇನ್ರಿ?” ಎಂದು ದಿನಾ ಕೇಳುತ್ತಿದ್ದ.

ಚಂಪಿಗೆ ಒಬ್ಬ ಅಣ್ಣನಿದ್ದ, ಸರ್ಜಾ. ತಿಕೋಟಾದ ಹಿತ್ತಲಲ್ಲಿ ಒಂದೇ ಬೇಟೆನಾಯಿ ಹಾಕಿದ ಮರಿಗಳು ಅವು. ಎರಡಕ್ಕೂ ಅದೇ ಉದ್ದ ಮೂತಿ, ಅದೇ ಸಣ್ಣ ಸೊಂಟ, ಅದೇ ಗೋದಿ ಬಣ್ಣ. ಒಂದನ್ನು ಅಕ್ಕ ಇಟ್ಟುಕೊಂಡಳು. ಇನ್ನೊಂದನ್ನು ತಮ್ಮ ಬಬಲೇಶ್ವರದ ಕರೆಪ್ಪನ ಕೈಗೆ ಕೊಟ್ಟ. ಕರೆಪ್ಪ ನಾಯಿ ತಿದ್ದುವುದರಲ್ಲಿ ಹೆಸರು ಮಾಡಿದವನು. ‘ತಿದ್ದುವುದು’ ಎಂಬುದು ಅವನದೇ ಮಾತು. ಅವನ ಕೈಯಿಂದ ಹೊರಬಂದ ನಾಯಿ ಯಜಮಾನ ಹೂಂ ಎಂದರೆ ಏಳುತ್ತದೆ, ಊಂಹೂಂ ಎಂದರೆ ಉಸಿರನ್ನೂ ಬಿಡುವುದಿಲ್ಲ ಎಂದು ಜನ ಹೇಳುತ್ತಿದ್ದರು.

ಹೋಳಿಹುಣ್ಣಿಮೆಯ ಎದುರಿಗೆ ಕರೆಪ್ಪ ಸರ್ಜಾನನ್ನು ಹಗ್ಗದಲ್ಲಿ ಹಿಡಿದುಕೊಂಡು ವಖಾರಕ್ಕೆ ಬಂದ. ಚಂಪಿ ಬಾಲ ಬೀಸುತ್ತ ಅಣ್ಣನನ್ನು ಮೂಸಲು ಓಡಿತು. ಸರ್ಜಾ ಹೊಟ್ಟೆಯನ್ನು ನೆಲಕ್ಕೆ ಅಂಟಿಸಿ ಮಲಗಿತು. ಅದರ ಕತ್ತಿನ ಕೂದಲು ಉದುರಿತ್ತು. ಒಂದು ಕಿವಿಯ ತುದಿ ಹರಿದಿತ್ತು. ಅಕ್ಕನಾಗಮ್ಮ ಮುಂದಿಟ್ಟ ನೀರನ್ನು ಅದು ಎಲ್ಲರೂ ಮುಖ ತಿರುಗಿಸಿದ ಮೇಲೆ ಕುಡಿಯಿತು.

“ಏನು ಮಾಡಿದಿ ಇದಕ್ಕ?” ಎಂದಳು ಆಕೆ.

“ತಿದ್ದೀನ್ರಿ,” ಎಂದ ಕರೆಪ್ಪ ಹೆಮ್ಮೆಯಿಂದ. “ಹರಕ ಅಂಗಿಯವರಿಗೆ ಬೊಗಳ್ತೈತಿ. ದೊಡ್ಡವರು ಬಂದ್ರ ತುಟಿ ಬಿಚ್ಚಂಗಿಲ್ಲ. ಸಾಹುಕಾರ್ರು ಹೇಳಿದ್ದು ಹಂಗs.”

“ನೋಡಿದಿಲ್ಲ ಅಕ್ಕಾ?” ಅಮರಪ್ಪನ ಮುಖ ಬೆಳ್ಳಿಯ ತಾಟಿನಂತೆ ಹೊಳೆಯುತ್ತಿತ್ತು. “ಒಂದs ತಾಯಿ ಹೊಟ್ಟಿಯವು. ಒಂದು ನಿನ್ನ ಕೈಯಾಗ ಬೆಳೀತು, ಒಂದು ಇವನ ಕೈಯಾಗ. ಫೌಜದಾರ್ರನ್ನ ಕರಸೂನು. ಯಾವದು ಚಲೋ ಕಾವಲ ನಾಯಿ ಅಂತ ಅವರs ಹೇಳ್ಲಿ. ನಿನ್ನ ನಾಯಿ ಗೆದ್ರ ನಾ ಮುಂದ ಈ ಮಾತು ಎತ್ತೂದಿಲ್ಲ. ನನ್ನದು ಗೆದ್ರ ಕೀಲಿಕೈ ನನ್ನ ಕಡೆ ಇರ್ಲಿ. ನೀ ತಿಕೋಟಾದಾಗ ಆರಾಮ ಮಾಡು.”

ಆರಾಮ ಮಾಡಲು ಕಳಿಸಿದ ಹೆಂಗಸರನ್ನು ಅಕ್ಕನಾಗಮ್ಮ ಬೇಕಾದಷ್ಟು ಕಂಡಿದ್ದಳು. ಅವರು ಹಪ್ಪಳ ಒಣಗಿಸುತ್ತಿದ್ದರು, ಅಟ್ಟದ ಮೇಲಿನ ಪಾತ್ರೆ ಇಳಿಸಿ ತೊಳೆದು ಮತ್ತೆ ಅಟ್ಟಕ್ಕೇರಿಸುತ್ತಿದ್ದರು, ಸೊಸೆಯಂದಿರ ತಪ್ಪು ಹುಡುಕುತ್ತಿದ್ದರು. ಆಕೆಗೆ ಸೊಸೆಯಂದಿರೂ ಇರಲಿಲ್ಲ. ಸೊಂಟದ ಗೊಂಚಲನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

“ಕರಸು,” ಎಂದಳು.

ಬಸಗೊಂಡಪ್ಪನವರು ಪೊಲೀಸ್ ಖಾತೆಯಲ್ಲಿ ಫೌಜದಾರರಾಗಿ ಪೆನ್ಶನ್ ಪಡೆದವರು. ಎರಡೂ ಕಡೆಗೆ ಬೇಕಾದ ಬೀಗರು. ಪೆನ್ಶನ್ ಬಂದ ಮೇಲೆ ಅವರಿಗೆ ವಿಚಾರಣೆ ಮಾಡಲು ಏನೂ ಸಿಗದೆ ಕೈ ಕಡಿಯುತ್ತಿತ್ತು. ಹೀಗಾಗಿ ನಾಯಿಯ ಪರೀಕ್ಷೆಗೆ ಅವರು ಗುಲಾಬಿ ರುಮಾಲು, ಕರಿ ಕೋಟು, ಕಿರ್ ಎನ್ನುವ ಬೂಟು, ಬೆಳ್ಳಿ ಹಿಡಿಕೆಯ ಬೆತ್ತ ಎಲ್ಲವನ್ನೂ ಧರಿಸಿ ಬಂದರು. ಮಧ್ಯಾಹ್ನದ ಬಿಸಿಲಿಗೆ ಅಷ್ಟು ಬೇಕಾಗಿರಲಿಲ್ಲ. ಸುತ್ತಲಿನ ವಖಾರಗಳಿಂದ ಬಂದ ವ್ಯಾಪಾರಿಗಳೂ ಹಮಾಲರೂ ಅಂಗಳದ ಅಂಚಿಗೆ ನಿಂತರು. ಸರ್ಜಾನನ್ನು ಪಡುವಣ ಗೋಡೆಯ ಅಂಡಿಗೆಗಳ ಪಕ್ಕದ ಕಂಬಕ್ಕೆ ಕಟ್ಟಿದರು. ಚಂಪಿ ಗಾದಿಯ ಹತ್ತಿರ ಕೂತಿತ್ತು.

ಮೊದಲು ಫೌಜದಾರರು ಬಾಗಿಲಿನಿಂದ ಹೊರಗೆ ಹೋಗಿ ಒಳಗೆ ಬಂದರು. ಸರ್ಜಾ ಅವರನ್ನು ಕಂಡದ್ದೇ ಕಿವಿ ಮಡಿಚಿ, ಬಾಲವನ್ನು ಕಾಲಸಂದಿಗೆ ಸೇರಿಸಿ, ಮಣ್ಣಿಗೆ ಮೂತಿ ಹಚ್ಚಿತು.

“ಏನು ಸಂಸ್ಕಾರ!” ಎಂದರು ಫೌಜದಾರರು. “ನಮ್ಮ ಖಾತೆದಾಗ ಶಿಪಾಯಿಗಳೂ ಇಷ್ಟು ಬಗ್ಗತಿರಲಿಲ್ಲ.”

ಚಂಪಿ ಅವರ ಬೂಟಿನ ಮುಂದೆಯೇ ನಿಂತು ಗಂಟಲು ತುಂಬ ಬೊಗಳಿತು. ಅಕ್ಕನಾಗಮ್ಮ ‘ಸಾಕು’ ಎಂದ ಕೂಡಲೇ ಕೂತಿತು, ನಿಜ. ಆದರೆ ಆ ಹೊತ್ತಿಗೆ ಫೌಜದಾರರ ಗುಲಾಬಿ ರುಮಾಲಿಗಿಂತ ಅವರ ಮುಖ ಕೆಂಪಾಗಿತ್ತು. ಬಳಿಕ ಮೌಲಾಸಾಬ ತನ್ನ ಎಂದಿನ ತೇಪೆ ಹಚ್ಚಿದ ಅಂಗಿಯಲ್ಲಿ ಬರಿದಲೆಯಲ್ಲಿ ಬಂದ. ಅವನ ಗುರುತೇ ಇಲ್ಲದ ಸರ್ಜಾ ಹಗ್ಗ ಹರಿಯುವಂತೆ ಜಿಗಿದು ಬೊಗಳಿತು. ಅಂಗಳದ ಅಂಚಿನ ರುಮಾಲುಗಳೆಲ್ಲ ಭೇಷ್ ಎಂದವು. ಚಂಪಿ ಮೌಲಾಸಾಬನಿಗೆ ಬಾಲ ಬೀಸಿತು. ಅದಕ್ಕೆ ಯಾರೂ ಭೇಷ್ ಅನ್ನಲಿಲ್ಲ.

“ಇನ್ನ ಏನು ನೋಡೂದೈತಿ?” ಎಂದರು ಫೌಜದಾರರು. “ಒಂದು ನಾಯಿಗೆ ಮನುಷ್ಯಾರು ತಿಳೀತಾರ. ಒಂದಕ್ಕ ತಿಳಿಯಂಗಿಲ್ಲ.”

ಅಮರಪ್ಪ ಕೈ ಚಾಚಿದ. ಅಕ್ಕನಾಗಮ್ಮ ಗೊಂಚಲನ್ನು ಸೊಂಟದಿಂದ ಬಿಚ್ಚಿ ಗಾದಿಯ ಮೇಲಿಟ್ಟಳು. ಅವನ ಕೈಗೆ ಕೊಡಲಿಲ್ಲ. ಅಷ್ಟರಲ್ಲಿ ಸೆಕೆ ತಾಳದ ಫೌಜದಾರರು ರುಮಾಲು ತೆಗೆದು ಬೋಳುತಲೆಯ ಬೆವರು ಒರೆಸಿಕೊಂಡರು. ಸರ್ಜಾ ತಲೆಯೆತ್ತಿತು. ಕಿವಿ ನೆಟ್ಟಗಾದವು. ಗಂಟಲಲ್ಲಿ ಗುರ್ ಎಂಬ ಸದ್ದು ಹುಟ್ಟಿ, ಅವರು ರುಮಾಲನ್ನು ಮತ್ತೆ ಏರಿಸಿದ ಕೂಡಲೇ ಅಲ್ಲಿಯೇ ಸತ್ತಿತು.

ಬೇರೆ ಯಾರೂ ಅದನ್ನು ನೋಡಲಿಲ್ಲ. ಎಲ್ಲರ ಕಣ್ಣೂ ಕೀಲಿಕೈ ಮೇಲಿತ್ತು.

“ಕರೆಪ್ಪಾ,” ಎಂದಳು ಅಕ್ಕನಾಗಮ್ಮ, “ಇದನ್ನ ತಿದ್ದುವಾಗ ನಿನ್ನ ತಲಿಮ್ಯಾಲ ಏನಿತ್ತು?”

ಕರೆಪ್ಪನ ಮುಖ ಅರಳಿತು. ಆವರೆಗೆ ಯಾರೂ ಅವನ ವಿದ್ಯೆಯ ಬಗ್ಗೆ ಇಷ್ಟು ಆಸ್ಥೆಯಿಂದ ಕೇಳಿರಲಿಲ್ಲ. “ಅದs ನೋಡ್ರಿ ನನ್ನ ಯುಕ್ತಿ! ದೊಡ್ಡವರು ಅಂದ್ರ ಯಾರು ಅಂತ ನಾಯಿಗೆ ಹ್ಯಾಂಗ ತಿಳೀಬೇಕು? ಸಾಹುಕಾರ್ರ ಹಳೇ ರುಮಾಲ ಇಸಕೊಂಡಿದ್ದೆ. ದಿನಾ ಅದನ್ನ ಸುತ್ತಿಕೊಂಡು ಮುಂದ ನಿಲ್ಲಾಂವ. ಬೊಗಳಿದ್ರ ಬಾರಕೋಲಿಂದ ಬಾರಿಸಾಂವ. ಸುಮ್ಮ ಆಗೂತನಕ ಬಿಡತಿದ್ದಿಲ್ಲ.”

“ಹಂಗಾದ್ರ ಇದಕ್ಕ ಮನುಷ್ಯಾರು ತಿಳಿಯಂಗಿಲ್ಲ, ಅರಿವಿ ತಿಳೀತೈತಿ,” ಎಂದಳು ಅಕ್ಕನಾಗಮ್ಮ. ಫೌಜದಾರರ ಕಡೆ ತಿರುಗಿದಳು. “ನೀವು ಇಷ್ಟು ವರ್ಷ ಕಳ್ಳರನ್ನ ಹಿಡಿದೀರಿ. ಅವರೆಲ್ಲಾ ಹರಕ ಅಂಗಿಯವರs ಇದ್ದರೇನ್ರಿ?”

ಫೌಜದಾರರು ಗಡ್ಡ ಕೆರೆದುಕೊಂಡರು. ಅವರ ನೌಕರಿಯ ನೆನಪುಗಳೆಲ್ಲ ಒಮ್ಮೆ ಕಣ್ಣ ಮುಂದೆ ಸಾಲುಗಟ್ಟಿ ಹೋದಂತೆ ಕಂಡಿತು. “ಇಲ್ಲವಾ ತಂಗಿ,” ಎಂದರು ನಿಧಾನವಾಗಿ. “ದೊಡ್ಡ ಕಳವು ಮಾಡಿದವರೆಲ್ಲಾ ನನಗಿಂತ ಚಲೋ ರುಮಾಲ ಸುತ್ತತಿದ್ರು.”

“ಹಂಗಾದ್ರ ನಿಮ್ಮ ರುಮಾಲ, ಕೋಟು, ಬೂಟು, ಬೆತ್ತ ಒಂದೀಟು ಮೌಲಾಸಾಬಗ ಕೊಡ್ರಿ.”

“ಅಕ್ಕಾ, ತೀರ್ಮಾನ ಆಗೇತಿ,” ಎಂದ ಅಮರಪ್ಪ.

“ಕೀಲಿಕೈ ಅಲ್ಲೇ ಐತಿ, ಓಡಿ ಹೋಗಂಗಿಲ್ಲ,” ಎಂದರು ಫೌಜದಾರರು. ವಿಚಾರಣೆ ಇನ್ನಷ್ಟು ಉದ್ದವಾಗುವುದು ಅವರಿಗೆ ಸಂತೋಷದ ವಿಷಯವೇ ಆಗಿತ್ತು. ತಾವೇ ಕೋಟು ಕಳಚಿದರು.

ಮೌಲಾಸಾಬ ಬಾಗಿಲಾಚೆ ಹೋಗಿ ಬೇರೆ ಮನುಷ್ಯನಾಗಿ ಬಂದ. ಅದೇ ಮುಖ, ಅದೇ ಕುರುಚಲು ಗಡ್ಡ. ಆದರೆ ಗುಲಾಬಿ ರುಮಾಲು ತಲೆಗೇರಿದ್ದೇ ಬೆನ್ನು ನೆಟ್ಟಗಾಗಿತ್ತು, ಹೊಟ್ಟೆ ಇಲ್ಲದಿದ್ದರೂ ಮುಂದೆ ಬಂದಿತ್ತು. ಬೂಟು ಕಿರ್ ಎಂದಿತು. ಈಗಷ್ಟೇ ಅವನನ್ನು ಹರಿದು ತಿನ್ನಲು ನೋಡಿದ್ದ ಸರ್ಜಾ ಮಣ್ಣಿಗೆ ಮೂತಿ ಹಚ್ಚಿ ನಡುಗಿತು.

“ಏನಪಾ ಸರ್ಜಾ, ಆರಾಮ?” ಎಂದ ಮೌಲಾಸಾಬ ದೊಡ್ಡ ಮನುಷ್ಯರ ಗಂಟಲಿನಲ್ಲಿ. “ಹತ್ತಿ ಚಲೋ ಕಾಯಾಕತ್ತಿ. ಹಿಂಗs ಕಾಯಿ.” ಒಂದು ಹತ್ತಿಯ ಗಂಟನ್ನು ಹೆಗಲಿಗೇರಿಸಿದ. ಅದರ ಮೂತಿಯ ಮುಂದಿನಿಂದಲೇ, ಬೆತ್ತ ತಿರುಗಿಸುತ್ತ ಬಾಗಿಲು ದಾಟಿದ. ಸರ್ಜಾ ಕಣ್ಣು ಕೂಡ ಎತ್ತಲಿಲ್ಲ. ಅದು ಮಲಗಿದ್ದ ಜಾಗದ ಮಣ್ಣು ಒದ್ದೆಯಾಗಿತ್ತು.

ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ವ್ಯಾಪಾರಿಗಳು ನಗಲಿಲ್ಲ. ಒಬ್ಬರ ರುಮಾಲನ್ನೊಬ್ಬರು ಹೊಸದಾಗಿ ನೋಡಿಕೊಳ್ಳತೊಡಗಿದರು. ಅಕ್ಕನಾಗಮ್ಮ ಆ ಒದ್ದೆ ಮಣ್ಣನ್ನು ನೋಡಿದಳು. ಗೆಲ್ಲುವ ಲಕ್ಷಣ ಕಂಡರೂ ಆಕೆಗೆ ನಗು ಬರಲಿಲ್ಲ.

“ಫೌಜದಾರ್ರ, ಸಂಸ್ಕಾರ ಅಂದ್ರೆಲ್ಲ, ಅದು ಅಂಜಿಕಿ ನೋಡ್ರಿ,” ಎಂದಳು.

“ಇರ್ಲಿ,” ಎಂದ ಅಮರಪ್ಪ ದನಿ ಏರಿಸಿ. “ನಂದು ರುಮಾಲಿನವರಿಗೆ ಬೊಗಳಂಗಿಲ್ಲ. ನಿಂದು? ಸಂತ್ಯಾಗ ಡಬ್ಬಿ ಬಡಿಯಾವನಂಗ ಬಂದವರಿಗೆಲ್ಲಾ ಬೊಗಳ್ತೈತಿ. ಅದರಿಂದ ಏನು ತಿಳೀತೈತಿ? ಬೀಡಿ ಹುಡುಕ್ತೈತಿ ಅಂತ ಊರ ತುಂಬ ಹೇಳ್ತಿ. ಯಾರು ನೋಡ್ಯಾರ?”

“ನಾನs ನೋಡ್ತೀನಿ,” ಎಂದರು ಫೌಜದಾರರು. “ಮೋಟು ಬೀಡಿ ನನ್ನ ಕೈಯಾಗ ಕೊಡ್ರಿ. ನಾ ಎಲ್ಲಿ ಇಡತೀನೋ ಅಲ್ಲಿ ಹುಡುಕ್ಲಿ. ಮೊದಲ ಎಲ್ಲಾರೂ ಚಾ ಕುಡೀರಿ, ಗಂಟಲ ಒಣಗೇತಿ.”

ಚಹಾ ಬಂತು. ರೇಶನ್ನಿನ ಸಕ್ಕರೆಯ ಬದಲು ಬೆಲ್ಲ ಹಾಕಿದ ಚಹಾ. ಅಮರಪ್ಪನಿಗೆ ಮಾತ್ರ ಚಹಾ ರುಚಿಸಲಿಲ್ಲ. ಅವನು ಅಂಗಳದಿಂದ ಮೆಲ್ಲಗೆ ಮರೆಯಾದ. ಸ್ವಲ್ಪ ಹೊತ್ತಿಗೆ ಫೌಜದಾರರು ಅವನನ್ನು ಹುಡುಕಿಕೊಂಡು ಪಡುವಣ ಗೋಡೆಯ ಕಡೆ ಹೋದರು. ಅಂಡಿಗೆಗಳ ಸಂದಿಯಿಂದ ಅವನು ಯಾಲಕ್ಕಿ ಅಗಿಯುತ್ತ, ಕೈ ಕಟ್ಟಿಕೊಂಡು ಹೊರಗೆ ಬಂದ.

ಫೌಜದಾರರು ಮೋಟು ಬೀಡಿಯನ್ನು ಅರಿವೆಯಲ್ಲಿ ಸುತ್ತಿ, ಎಲ್ಲರನ್ನೂ ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, ಮೂಡಣ ಬದಿಯ ತಕ್ಕಡಿಯ ಹಿಂದೆ ಅಡಗಿಸಿದರು. ಬಳಿಕ ಚಂಪಿಯನ್ನು ಬಿಡಲು ಸನ್ನೆ ಮಾಡಿದರು.

“ಹುಡುಕು, ಚಂಪಿ,” ಎಂದಳು ಅಕ್ಕನಾಗಮ್ಮ.

ಚಂಪಿ ಅಂಗಳದ ನಡುವೆ ನಿಂತು ಮೂಗೆತ್ತಿತು. ತಕ್ಕಡಿಯ ಕಡೆ ನಾಲ್ಕು ಹೆಜ್ಜೆ ಹೋಯಿತು. ಆಮೇಲೆ ಯಾರೋ ಹೆಸರು ಹಿಡಿದು ಕರೆದಂತೆ ಗಕ್ಕನೆ ತಿರುಗಿ, ಪಡುವಣ ಗೋಡೆಗೆ ಓಡಿ, ಸರ್ಜಾನ ಕಂಬದ ಪಕ್ಕದ ಅಂಡಿಗೆಗಳ ಮುಂದೆ ನಿಂತು ಬೊಗಳತೊಡಗಿತು.

ಅಮರಪ್ಪ ಬಾಯಿ ತೆರೆದು ನಕ್ಕ. ಅರ್ಧ ನಗುವಿನಲ್ಲೇ ಅವನ ಬಾಯಿ ಹಾಗೇ ನಿಂತಿತು.

“ತಂಗಿ,” ಎಂದರು ಫೌಜದಾರರು ಮರುಕದಿಂದ, “ನಾ ಇಟ್ಟದ್ದು ಅಲ್ಲಲ್ಲವಾ.”

“ಸಾಕು, ಚಂಪಿ,” ಎಂದಳು ಅಕ್ಕನಾಗಮ್ಮ.

ಚಂಪಿ ಸುಮ್ಮನಾಗಲಿಲ್ಲ. ಹುಟ್ಟಿದಾಗಿನಿಂದ ಆ ಮಾತನ್ನು ಅದು ಒಮ್ಮೆಯೂ ಮೀರಿರಲಿಲ್ಲ. ಈಗ ಒಡತಿಯ ಮುಖವನ್ನೂ ಅಂಡಿಗೆಯನ್ನೂ ತಿರುತಿರುಗಿ ನೋಡುತ್ತ, ಮುಂಗಾಲಿನಿಂದ ನೆಲ ಕೆದರುತ್ತ ಬೊಗಳುತ್ತಲೇ ಇತ್ತು. ಸುತ್ತಲೂ ಪೇಟೆಯ ಮಂದಿ. ಗಾದಿಯ ಮೇಲೆ ಕೀಲಿಕೈ. ನಾಯಿ ತಪ್ಪಿತೆಂದು ಒಪ್ಪಿ ತಲೆ ತಗ್ಗಿಸುವುದು, ಇಲ್ಲವೇ ಫೌಜದಾರರ ಮಾತಿನ ಎದುರು ನಾಯಿಯ ಮಾತು ನಂಬಿ ಇನ್ನಷ್ಟು ನಗೆಪಾಟಲಾಗುವುದು. ಅಕ್ಕನಾಗಮ್ಮ ಸೆರಗನ್ನು ಸೊಂಟಕ್ಕೆ ಬಿಗಿದಳು.

“ಕೆಡವ್ರಿ ಆ ಅಂಡಿಗಿ!”

ಹಮಾಲರು ಒಬ್ಬರ ಮುಖವನ್ನೊಬ್ಬರು ನೋಡಿದರು. ಆದರೆ ಅವರಿಗಿಂತ ಮೊದಲು ಓಡಿದವನು ಅಮರಪ್ಪ. ಧೋತರ ಎತ್ತಿ ಕಟ್ಟದೆಯೇ ಓಡಿದ. ಮೇಲಿನ ಅಂಡಿಗೆಯನ್ನು ತಬ್ಬಿ ಎಳೆದ. ಅದರ ಹಿಂದಿನಿಂದ ಊದುಬತ್ತಿಯಂತೆ ತೆಳ್ಳಗೆ ಒಂದು ಹೊಗೆ ಎದ್ದಿತು. ಎರಡನೆಯ ಅಂಡಿಗೆ ಉರುಳಿದಾಗ ಅದು ಗುಪ್ಪನೆ ದಪ್ಪಗಾಯಿತು. ಹತ್ತಿಯ ಒಡಲಲ್ಲಿ ಅಂಗೈಯಗಲದ ಕೆಂಡ ಕಣ್ಣು ತೆರೆದು ಕೂತಿತ್ತು.

“ನೀರು! ಹೌದಿನ ನೀರು!” ಅಕ್ಕನಾಗಮ್ಮನ ದನಿ ಸ್ಟೇಶನ್ನಿನ ತನಕ ಕೇಳಿರಬೇಕು. ಯಾರು ಎಲ್ಲಿ ನಿಲ್ಲಬೇಕು, ಯಾವ ಅಂಡಿಗೆ ಹೊರಗೆಳೆಯಬೇಕು, ಯಾವುದನ್ನು ಮುಟ್ಟಬಾರದು, ಎಲ್ಲ ಆಕೆಯೇ ಹೇಳಿದಳು. ಹೌದು ಎಂಬ ಅಂಗಳದ ನೀರಿನ ತೊಟ್ಟಿಯಿಂದ ಕೊಡಗಳು ಕೈಯಿಂದ ಕೈಗೆ ಬಂದವು. ಸರ್ಜಾನ ಹಗ್ಗವನ್ನು ಆಕೆಯೇ ಬಿಚ್ಚಿ ಅದನ್ನು ದೂರ ಎಳೆದಳು. ಇನ್ನೂ ಫೌಜದಾರರ ಪೋಷಾಕಿನಲ್ಲೇ ಇದ್ದ ಮೌಲಾಸಾಬ ತಲೆಯ ರುಮಾಲು ಬಿಚ್ಚಿ, ಹೌದಿನಲ್ಲಿ ಅದ್ದಿ, ಕೆಂಡದ ಮೇಲೆ ಹಾಸಿ ಎರಡೂ ಬೂಟಿನಿಂದ ತುಳಿದ. ಆ ಗುಲಾಬಿ ರುಮಾಲು ಜೀವಮಾನದಲ್ಲೇ ಮೊದಲ ಬಾರಿ ಒಂದು ಉಪಯೋಗಕ್ಕೆ ಬಂತು. ಉರಿ ಏಳುವ ಮೊದಲೇ ಎಲ್ಲ ಮುಗಿಯಿತು. ಒಂದು ಅಂಡಿಗೆ ಕಪ್ಪಾಯಿತು, ವಖಾರ ಉಳಿಯಿತು.

ಮಸಿಯಾದ ಹತ್ತಿಯ ನಡುವಿನಿಂದ ಫೌಜದಾರರು ಒಂದು ಅರೆಸುಟ್ಟ ಬೀಡಿಯನ್ನು, ಮೌಲಾಸಾಬನಿಂದ ಮರಳಿ ಇಸಕೊಂಡ ಬೆತ್ತದ ತುದಿಯಿಂದ ಎಳೆದು ತೆಗೆದರು. ಬರಿದಲೆಯಲ್ಲಿ, ಬರೀ ಅಂಗಿಯಲ್ಲಿ, ಬರಿಗಾಲಿನಲ್ಲಿ ನಿಂತಿದ್ದರೂ ಆ ಗಳಿಗೆಯಲ್ಲಿ ಅವರು ಪೂರ್ತಿ ಫೌಜದಾರರಾಗಿದ್ದರು.

“ಇದು ನಾ ಇಟ್ಟದ್ದಲ್ಲ. ಇದು ಯಾರದು?”

ಅಮರಪ್ಪನ ಕೈ ಮಸಿಯಾಗಿತ್ತು, ರುಮಾಲು ಒಂದು ಕಿವಿಗೆ ಜಾರಿತ್ತು. “ನಂದು,” ಎಂದ. “ನೀವು ಬಂದ್ರಿ... ಹಿರೇರ ಮುಂದ ಹ್ಯಾಂಗ ಸೇದೂದಂತ ಹಿಂದಕ ಒಗದೆ.”

“ಮರ್ಯಾದಿ ಉಳಿಸಾಕ ಹೋಗಿ ವಖಾರ ಸುಡತಿದ್ದೆಲ್ಲೋ ತಮ್ಮಾ!” ಎಂದಳು ಅಕ್ಕನಾಗಮ್ಮ. “ಇನ್ನಮ್ಯಾಲೆ ನನ್ನ ಮುಂದs ಸೇದು. ರಸ್ತಾದ ಆಚೆ, ಮೌಲಾಸಾಬನ ಜೋಡಿ.”

ಆಗ ಕರೆಪ್ಪ ಮೆಲ್ಲಗೆ ಬಾಯಿ ತೆಗೆದ. “ಸರ್ಜಾ ಆ ಅಂಡಿಗಿ ಮಗ್ಗಲದಾಗs ಇತ್ತಲ್ರಿ. ಇದಕ್ಕೂ ವಾಸನಿ ಬಂದಿರಬೇಕು. ಯಾಕ ಬೊಗಳಲಿಲ್ಲ?”

“ಒಗದವರ ತಲಿಮ್ಯಾಲ ರುಮಾಲ ಇತ್ತಲ್ಲಪಾ,” ಎಂದರು ಫೌಜದಾರರು.

ಕರೆಪ್ಪ ಸರ್ಜಾನ ಹರಿದ ಕಿವಿಯ ಕಡೆ ನೋಡಿದ. “ಬೊಗಳದ ನಾಯಿ ಬೇಕಂದ್ರು, ಬೊಗಳದ ನಾಯಿ ಮಾಡಿ ಕೊಟ್ಟೆ,” ಎಂದ. “ನನ್ನ ಕೆಲಸದಾಗ ತಪ್ಪಿಲ್ರಿ. ಆದ್ರ ಕೆಲಸs ತಪ್ಪು ಆಗೇತಿ.”

ಫೌಜದಾರರು ಗಾದಿಯ ಮೇಲಿನ ಗೊಂಚಲನ್ನು ಎತ್ತಿ, ಎರಡೂ ಕೈಯಲ್ಲಿ ಅಕ್ಕನಾಗಮ್ಮನಿಗೆ ಕೊಟ್ಟರು. ಇಡೀ ಪೇಟೆ ಚಪ್ಪಾಳೆ ತಟ್ಟಿತು. ಚಪ್ಪಾಳೆಗೆ ಚಂಪಿ ಬೊಗಳಿತು. ಆ ದಿನ ಅದಕ್ಕೆ ಯಾರೂ ಆಕ್ಷೇಪ ಎತ್ತಲಿಲ್ಲ. ರೊಟ್ಟಿಯ ಚೂರಿನ ಬದಲು ಇಡೀ ರೊಟ್ಟಿ ಸಿಕ್ಕಿತು.

“ಇನ್ನೊಂದು ಮಾತೈತಿ,” ಎಂದಳು ಅಕ್ಕನಾಗಮ್ಮ ಗೊಂಚಲು ಸಿಕ್ಕಿಸಿಕೊಳ್ಳುತ್ತ. “ಸರ್ಜಾನೂ ಇಲ್ಲೇ ಇರ್ತಾನ. ಕರೆಪ್ಪಾ, ನೀ ಕೆಡಿಸಿದ್ದು ನೀನs ನೆಟ್ಟಗ ಮಾಡು. ಅದs ರುಮಾಲ ಸುತ್ತಿಕೊಂಡು ಬಾ. ಬಾರಕೋಲು ಬಬಲೇಶ್ವರದಾಗ ಬಿಟ್ಟು ಬಾ.”

ಬೇರೆ ಯಾರಾದರೂ ಹೇಳಿದ್ದರೆ ಕರೆಪ್ಪ ಕೇಳುತ್ತಿದ್ದನೋ ಇಲ್ಲವೋ. ಆದರೆ ತನ್ನ ಕಸುಬಿನಲ್ಲಿ ತನಗೆ ಗೊತ್ತಿಲ್ಲದ್ದು ಒಂದಿದೆ ಎಂಬುದು ಅವನನ್ನು ನಿದ್ದೆಗೆಡಿಸಿತ್ತು. ಪ್ರತಿ ಸಂತೆಯ ದಿನ ಬಂದ. ರುಮಾಲು ಸುತ್ತಿಕೊಂಡು ಅಂಗಳದಲ್ಲಿ ಕೂತು, ಬೆಣ್ಣೆ ಹಚ್ಚಿದ ರೊಟ್ಟಿಯನ್ನು ಅಂಗೈಯಲ್ಲಿಟ್ಟು ಕಾದ. ಮೊದಮೊದಲು ಸರ್ಜಾ ಹೌದಿನ ಹಿಂದೆ ಅಡಗುತ್ತಿತ್ತು. ಬಳಿಕ ಕರೆಪ್ಪ ಮುಖ ತಿರುಗಿಸಿದರೆ ಬಂದು ಕಸಿದುಕೊಂಡು ಓಡುತ್ತಿತ್ತು. ಒಂದು ದಿನ ಅವನ ಕಣ್ಣೆದುರಿಗೇ ತಿಂದು, ಅಂಗೈ ನೆಕ್ಕಿತು. ಆ ಅಂಗೈಯನ್ನು ಕರೆಪ್ಪ ಬಹಳ ಹೊತ್ತು ಒರೆಸಿಕೊಳ್ಳಲಿಲ್ಲ. ಸರ್ಜಾನ ಕತ್ತಿನ ಕೂದಲು ಬೆಳೆಯಿತು. ಸರ್ಜಾ ಚಂಪಿಯ ಹಿಂದೆ ಅಂಗಳ ಸುತ್ತತೊಡಗಿತು, ಮೋಟು ಬೀಡಿ ಹುಡುಕಿ ಬಾಲ ಬೀಸತೊಡಗಿತು. ಆದರೆ ರುಮಾಲಿನವರು ಬಾಗಿಲಿಗೆ ಬಂದರೆ ಇನ್ನೂ ಮೂಕವೇ.

ಮುಂಗಾರಿನ ಮೊದಲ ಮೋಡ ಕವಿದ ಬೆಳಿಗ್ಗೆ ಬಸಗೊಂಡಪ್ಪನವರು ಹೊಸ ರುಮಾಲು ಸುತ್ತಿಕೊಂಡು ವಖಾರಕ್ಕೆ ಬಂದರು. ಚಂಪಿ ಎಂದಿನಂತೆ ಬೊಗಳಿತು. ಅದರ ಪಕ್ಕದಲ್ಲಿ ಸರ್ಜಾ ನಿಂತಿತ್ತು, ಒಂದು ಕಾಲನ್ನು ಎತ್ತಿ ಹಿಡಿದು. ಅದರ ಬಾಯಿ ತೆರೆಯಿತು, ಮುಚ್ಚಿತು. ಅಕ್ಕನಾಗಮ್ಮ ಗಾದಿಯ ಮೇಲಿಂದ ರೊಟ್ಟಿಯ ಚೂರಿಗೆ ಕೈ ಹಾಕಿದಳು.

ಸರ್ಜಾ ಬೊಗಳಿತು.

ತುಕ್ಕು ಹಿಡಿದ ಬಾಗಿಲು ತೆರೆದ ಹಾಗಿತ್ತು ಆ ಸದ್ದು. ತನ್ನ ದನಿಗೆ ತಾನೇ ಬೆಚ್ಚಿ, ಏಟು ಬೀಳುತ್ತದೇನೋ ಎಂದು ಸುತ್ತ ನೋಡಿತು. ಬಿದ್ದದ್ದು ರೊಟ್ಟಿಯ ಚೂರು. ಮತ್ತೆ ಬೊಗಳಿತು, ಈ ಸಲ ಎದೆ ತುಂಬಿ.

“ನನಗs ಬೊಗಳ್ತು!” ಫೌಜದಾರರು ರಸ್ತೆಗೆ ಓಡಿ, ಹೋಗುವ ಬರುವವರನ್ನೆಲ್ಲ ಕರೆದರು. “ಕೇಳಿದಿರಿಲ್ಲೋ? ಮೊದಲ ನನಗs ಬೊಗಳ್ತು!” ಎಂದು, ಇನ್ನೊಮ್ಮೆ ಬೊಗಳಿಸಿಕೊಳ್ಳಲು ಹೊರಗೆ ಹೋಗಿ ಒಳಗೆ ಬಂದರು. ಹಮಾಲರು ಸಿಳ್ಳೆ ಹಾಕಿದರು. ಮೌಲಾಸಾಬ ರಸ್ತೆಯಾಚೆಯಿಂದ ಬೀಡಿ ಆರಿಸಿ ಓಡಿ ಬಂದ. ಕರೆಪ್ಪ ಇದ್ದಿದ್ದರೆ ಕುಣಿಯುತ್ತಿದ್ದ. ಅವನಿಗೆ ಸುದ್ದಿ ಮುಟ್ಟಿಸಲು ಬಬಲೇಶ್ವರದ ಚಕ್ಕಡಿಯವನಿಗೆ ಆಗಲೇ ಯಾರೋ ಹೇಳುತ್ತಿದ್ದರು.

ಅಮರಪ್ಪ ಪೇಢೆಯ ಬುಟ್ಟಿ ತರಿಸಿದ. ಎಲ್ಲರಿಗೂ ಹಂಚಿ ಮುಗಿಸಿ, ಯಾರೂ ನೋಡುತ್ತಿಲ್ಲವೆಂದುಕೊಂಡು ಕನ್ನಡಿಯಲ್ಲಿ ರುಮಾಲು ಸರಿಮಾಡಿಕೊಂಡ. ಬಾಗಿಲಾಚೆ ಹೋಗಿ, ಕೆಮ್ಮಿ, ದೊಡ್ಡ ಮನುಷ್ಯರ ನಡಿಗೆಯಲ್ಲಿ ಒಳಗೆ ಕಾಲಿಟ್ಟ.

ಸರ್ಜಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪೇಟೆಯೆಲ್ಲ ಕೇಳುವಂತೆ ಬೊಗಳಿತು. ಅಮರಪ್ಪ ಅಕ್ಕನ ಕಡೆ ತಿರುಗಿ, ಹಲ್ಲೆಲ್ಲ ಕಾಣುವಂತೆ ನಕ್ಕ.

“ಸಾಕು, ಸರ್ಜಾ,” ಎಂದಳು ಅಕ್ಕನಾಗಮ್ಮ. “ಬಾರೋ ತಮ್ಮಾ, ಒಳಗ ಬಾ.”